ಮೂವತ್ತಮೂರಕ್ಕೆ ನರ್ಸಿಂಗ್ ಓದಲು ಹೊರಟರೆ

ಮೇಡಂ, ನನಗೆ 33 ವರ್ಷ. ಪಿಯುಸಿ ಕಲಾ ವಿಭಾಗ ಮುಗಿಸುತ್ತಲೇ ಮದುವೆಯಾಯಿತು. ಮಗಳು ಏಳನೇ ತರಗತಿ, ಮಗ ನಾಲ್ಕನೇ ತರಗತಿ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಎರಡು ವರ್ಷ ನಾನೇ ನೋಡಿಕೊಂಡೆ. ಮಗ್ಗುಲು ಬದಲಿಸುವುದು, ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವುದು ಎಲ್ಲವನ್ನೂ ಆಸ್ಪತ್ರೆಯ ಸಿಸ್ಟರ್ ಒಬ್ಬರು ಕಲಿಸಿದ್ದರು. ಅತ್ತೆ ತೀರಿಕೊಂಡು ಎಂಟು ತಿಂಗಳಾಯಿತು. ಈಗಲೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ನರ್ಸಿಂಗ್ ಓದಬೇಕೆಂಬ ಆಸೆ ಹುಟ್ಟಿದೆ. ಮನೆಯವರು ‘ಈ ವಯಸ್ಸಲ್ಲಾ?’ ಎಂದು ಸುಮ್ಮನಾದರು. ವಾರಗಿತ್ತಿ ನಕ್ಕರು. ಹದಿನೆಂಟರ ಹುಡುಗಿಯರ ಪಕ್ಕ ಕೂರಲು ನನಗೂ ನಾಚಿಕೆ. ಇದು ನಿಜವಾದ ಆಸೆಯೋ, ಖಾಲಿ ಮನೆಯ ಬೇಸರವೋ ತಿಳಿಯುತ್ತಿಲ್ಲ.
– ಹೆಸರು, ಊರು ಬೇಡ

ಒಂದು ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ: ರಾತ್ರಿ ಎರಡು ಗಂಟೆಯ ಎಚ್ಚರ. ಅದು ಅತ್ತೆಯವರ ಮಗ್ಗುಲು ಬದಲಿಸುತ್ತಿದ್ದ ಹೊತ್ತಿರಬೇಕು. ಎರಡು ವರ್ಷ ಇನ್ನೊಬ್ಬರ ಉಸಿರಿಗೆ ಕಿವಿಗೊಟ್ಟು ಮಲಗಿದವರ ಮೈಗೆ ಆ ಅಭ್ಯಾಸ ಬೇಗ ಬಿಡುವುದಿಲ್ಲ. ಸೊಸೆಯ ದುಃಖವನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಕಡಿಮೆ. ‘ಸದ್ಯ, ನಿನಗೂ ಬಿಡುಗಡೆಯಾಯಿತು’ ಎಂದವರೂ ಇದ್ದಾರು. ನೀವು ಕಳೆದುಕೊಂಡದ್ದು ಒಂದು ಜೀವವನ್ನು, ಜೊತೆಗೆ ದಿನವಿಡೀ ನಿಮ್ಮನ್ನು ಬೇಡುತ್ತಿದ್ದ ಒಂದು ಕೆಲಸವನ್ನು. ಅಳು ಬಂದರೆ ಅಳಿ, ಸಂಕೋಚ ಬೇಡ. ನಿದ್ದೆ ಕೆಡುವುದು ಮುಂದುವರಿದರೆ, ಊಟ ಸೇರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಸೆಯೋ ಬೇಸರವೋ ಎಂದು ಕೇಳಿದ್ದೀರಿ. ಎರಡೂ ಇರಬಹುದು. ದುಃಖದಲ್ಲಿ ಹುಟ್ಟಿತು ಎಂದ ಮಾತ್ರಕ್ಕೆ ಆಸೆ ಸುಳ್ಳಾಗುವುದಿಲ್ಲ. ಆದರೆ ಒಬ್ಬ ಅತ್ತೆಯನ್ನು ಪ್ರೀತಿಯಿಂದ ನೋಡಿಕೊಂಡದ್ದಕ್ಕೂ ನರ್ಸ್ ಕೆಲಸಕ್ಕೂ ಇರುವ ಅಂತರವನ್ನು ನೀವು ಈಗಲೇ ತಿಳಿದಿರಬೇಕು. ವಾರ್ಡಿನಲ್ಲಿ ಇರುವವರೆಲ್ಲ ಅಪರಿಚಿತರು. ಕೆಲವರು ರೇಗುತ್ತಾರೆ, ಅವರ ಕಡೆಯವರು ಕೂಗಾಡುತ್ತಾರೆ. ಕೊಟ್ಟ ಪ್ರತಿಯೊಂದು ಔಷಧವನ್ನೂ ಗಂಟೆ ಸಮೇತ ಬರೆದಿಡಬೇಕು. ಒಬ್ಬರು ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಪಕ್ಕದ ಹಾಸಿಗೆಯವರಿಗೆ ಇಂಜೆಕ್ಷನ್ ಕೊಡಬೇಕು. ಇದು ನಿಮಗೆ ಒಗ್ಗುತ್ತದೆಯೇ ಎಂಬುದು ಮನೆಯಲ್ಲಿ ಕೂತು ಯೋಚಿಸಿದರೆ ಗೊತ್ತಾಗುವುದಿಲ್ಲ. ನಿಮಗೆ ಕಲಿಸಿದ ಆ ಸಿಸ್ಟರ್ ಅವರನ್ನೇ ಡ್ಯೂಟಿ ಮುಗಿದ ಮೇಲೆ ಕಾಣಿ. ಕೆಲಸದಲ್ಲಿ ಖುಷಿ ಕೊಡುವುದೇನು ಎಂದು ಕೇಳುವ ಮೊದಲು, ಸಾಕುಮಾಡುವುದೇನು ಎಂದು ಕೇಳಿ. ಮಗುವಿಗೆ ಜ್ವರ ಬಂದಾಗ ನೈಟ್ ಡ್ಯೂಟಿ ಬಿದ್ದರೆ ಏನು ಮಾಡುತ್ತಾರೆ, ಅದನ್ನೂ ಕೇಳಿ. ಅಷ್ಟು ಕೇಳಿದ ಮೇಲೂ ಆಸೆ ಉಳಿದಿದ್ದರೆ ಅದನ್ನು ನಂಬಿ.

ನಾಚಿಕೆಯ ಮಾತಿಗೆ ಬರೋಣ. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಟ್‌ನಲ್ಲಿ ಶುಶ್ರೂಷೆ ಕಲಿಯಲು ಹೋದಾಗ ಆಕೆಗೆ 31. ತಾಯಿಗೂ ಅಕ್ಕನಿಗೂ ಅದು ಇಷ್ಟವಿರಲಿಲ್ಲ. ನಿಮ್ಮ ತರಗತಿಯ ಹುಡುಗಿಯರು ಇಂಗ್ಲಿಷಿನಲ್ಲಿ, ಬಾಯಿಪಾಠದಲ್ಲಿ ನಿಮಗಿಂತ ಮುಂದಿರುತ್ತಾರೆ, ನಿಜ. ಮೊದಲ ಸಲ ವಾರ್ಡಿಗೆ ಹೋಗಿ ಬೆಡ್‌ಪ್ಯಾನ್ ಹಿಡಿಯಬೇಕಾದಾಗ, ಹಾಸಿಗೆ ಹುಣ್ಣು ಒರೆಸಬೇಕಾದಾಗ ಅವರು ನಿಮ್ಮ ಕಡೆ ನೋಡುತ್ತಾರೆ. ವಾರಗಿತ್ತಿಯ ನಗುವಿಗೆ ಈಗ ಉತ್ತರ ಕೊಡುವ ಅಗತ್ಯವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾ ಸೇರಲು ಗರಿಷ್ಠ ವಯಸ್ಸು 35. ‘ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡೋಣ’ ಎಂದು ಮುಂದೂಡಿದರೆ, ಬೇಡವೆಂದು ತೀರ್ಮಾನಿಸಿದ ಹಾಗೆಯೇ. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಆ ದಾರಿ ನಿಮಗಿಲ್ಲ. ಮೂರು ವರ್ಷದ ಜಿಎನ್‌ಎಂಗೆ ಕಲಾ ವಿಭಾಗದವರೂ ಸೇರಬಹುದು; ಇಂಗ್ಲಿಷ್ ಓದಿರಬೇಕು, ಶೇ 40 ಅಂಕ ಇರಬೇಕು. ಓದು ಮುಗಿಸಿ ಪಾಸಾಗಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ದಾಖಲಾದ ಮೇಲಷ್ಟೇ ನೀವು ನೋಂದಾಯಿತ ನರ್ಸ್. ಹಾಗಾಗಿ ಶುಲ್ಕ ಕಟ್ಟುವ ಮುಂಚೆ ಆ ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಕೌನ್ಸಿಲ್‌ನಲ್ಲೇ ವಿಚಾರಿಸಿ. ಆರು ತಿಂಗಳು, ಒಂದು ವರ್ಷದ ಸರ್ಟಿಫಿಕೇಟ್ ಕೊಟ್ಟು ನರ್ಸ್ ಮಾಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ.

ಈ ಪತ್ರ ಓದುತ್ತಿರುವವರಲ್ಲಿ 35 ದಾಟಿದವರೂ ಇರುತ್ತೀರಿ. ಈಗಾಗಲೇ ಎಎನ್‌ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್) ಆಗಿರುವವರಿಗೆ ಜಿಎನ್‌ಎಂ ಸೇರಲು ಈ ವಯಸ್ಸಿನ ಅಡ್ಡಿಯಿಲ್ಲ. ಉಳಿದವರು ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕರ ತರಬೇತಿ ಪಡೆಯಬಹುದು. ಅದು ನರ್ಸ್ ಹುದ್ದೆಯಲ್ಲ, ಆದರೆ ತುಂಬ ಬೇಕಾದ, ಮರ್ಯಾದೆಯ ಕೆಲಸ.

ಇನ್ನು ನಿಮ್ಮ ಮನೆಯವರು. ಅವರೂ ಎಂಟು ತಿಂಗಳ ಹಿಂದೆ ತಾಯಿಯನ್ನು ಕಳೆದುಕೊಂಡವರು. ಆ ಮೌನ ವಿರೋಧವೇ ಇರಬೇಕೆಂದಿಲ್ಲ. ಬೆಳಿಗ್ಗೆ ಮಕ್ಕಳ ತಿಂಡಿ ಯಾರು ಮಾಡುವುದು, ಫೀಸು ಎಲ್ಲಿಂದ ತರುವುದು ಎಂಬ ದಿಗಿಲೂ ಇರಬಹುದು. ‘ಓದಲೇ?’ ಎಂದು ಒಪ್ಪಿಗೆ ಕೇಳುವ ಬದಲು, ಕಾಲೇಜಿನ ವೇಳೆ, ಮೂರು ವರ್ಷದ ಖರ್ಚು, ಮನೆಗೆಲಸದಲ್ಲಿ ಅವರು ವಹಿಸಿಕೊಳ್ಳಬೇಕಾದ ಪಾಲು ಇಷ್ಟನ್ನೂ ಹಾಳೆಯ ಮೇಲೆ ಬರೆದು ಮುಂದಿಡಿ. ಇಷ್ಟು ವರ್ಷ ಎಲ್ಲರ ಬೇಕುಬೇಡ ನೋಡಿದವರಿಗೆ ತನಗೆ ಬೇಕಾದದ್ದನ್ನು ಕೇಳುವುದೇ ಕಷ್ಟ. ನಿಮ್ಮ ನಾಚಿಕೆಯ ದೊಡ್ಡ ಪಾಲು ಅಲ್ಲಿದೆ ಎಂದು ನನಗನ್ನಿಸುತ್ತದೆ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವಳಿಗೆ ಅರ್ಥವಾಗುವ ವಯಸ್ಸು.

ಮಾತುಕತೆ ನಡೆಯುತ್ತಿರುವಾಗಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನು ಹುಡುಕಿಡಿ. ಅವುಗಳಲ್ಲಿರುವ ಹೆಸರಿಗೂ ಮದುವೆಯ ನಂತರದ ಆಧಾರ್ ಹೆಸರಿಗೂ ಹೊಂದಿಕೆಯಾಗದಿದ್ದರೆ ಸರಿಪಡಿಸಲು ಸಮಯ ಹಿಡಿಯುತ್ತದೆ. ಆ ಕೆಲಸವನ್ನು ಈ ವಾರವೇ ಶುರುಮಾಡಿ.