ಮೂರ್ತಿಯ ಕಣ್ಣಿನ ಹೊಳಪು

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಿಂದ ದೇವತಾಮೂರ್ತಿಗಳನ್ನು ಕೆತ್ತಿ ಬಣ್ಣ ಹಾಕುವರು. ಅಲ್ಲಿ ಕಣ್ಣು ಕುಂಚದ ಕೆಲಸ. ಗುಡಿಯ ಶಿಲಾಮೂರ್ತಿಗಳಿಗಾದರೋ ಬೆಳ್ಳಿಯ ಕಣ್ಣುಬಟ್ಟುಗಳನ್ನು ಇಡುವ ವಾಡಿಕೆಯುಂಟು. ಮಂದವಾದ ನಂದಾದೀಪದ ಎದುರು ನಿಂತ ಭಕ್ತನಿಗೆ ದೇವಿಯು ತನ್ನನ್ನೇ ನೋಡುತ್ತಿರುವಂತೆ ತೋರುತ್ತದೆ. ಈ ಅನುಭವದಲ್ಲಿ ಬೆಳಕಿನ ಪಾಲೆಷ್ಟು?

ಪ್ರಾಚೀನ ಈಜಿಪ್ಟಿನ ಕುಶಲಿಗಳೂ ಕಣ್ಣನ್ನು ಬೇರೆಯಾಗಿ ಮಾಡಿ ಕೂಡಿಸುತ್ತಿದ್ದರು. 1922ರಲ್ಲಿ ಪತ್ತೆಯಾದ ಟುಟಾಂಖಾಮನ್ ದೊರೆಯ ಸಮಾಧಿಯಲ್ಲಿ ದೊರೆತ ಚಿನ್ನದ ಮುಖವಾಡದ ಎತ್ತರ ಸುಮಾರು 54 ಸೆಂಟಿಮೀಟರು. ತೂಕ 10 ಕಿಲೋಗ್ರಾಮಿಗೂ ಮಿಗಿಲು. ಅದರ ಕಣ್ಣಿನ ಬಿಳಿಯ ಭಾಗ ಕ್ವಾರ್ಟ್ಸ್ ಶಿಲೆ. ಪಾಪೆ ಅಬ್ಸಿಡಿಯನ್ ಎಂಬ ಕಪ್ಪು ಜ್ವಾಲಾಮುಖಿ ಗಾಜು. ಕಣ್ಣಿನ ಕೊನೆಗಳಲ್ಲಿ ತುಸು ಕೆಂಪನ್ನೂ ಹಚ್ಚಿರುವರು.

ಅಬ್ಸಿಡಿಯನ್ನಿನ ವಕ್ರೀಭವನಾಂಕ ಸುಮಾರು 1.5. ಅದರ ಮೇಲೆ ಲಂಬವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟು ಮಾತ್ರ ಪ್ರತಿಫಲಿಸುತ್ತದೆ. ಜೀವಂತ ಕಣ್ಣಿನ ಹೊರಪಟಲದಿಂದ ಬರುವುದು ಇನ್ನೂ ಕಡಿಮೆ, ಸುಮಾರು ಶೇಕಡಾ 2.5. ಇಷ್ಟು ಅಲ್ಪವಾದ ಬೆಳಕು ಎದ್ದು ಕಾಣುವುದೇಕೆ? ಉಳಿದ ಬೆಳಕನ್ನು ಕಪ್ಪು ಪಾಪೆಯು ನುಂಗಿಬಿಡುವುದರಿಂದ. ಬೆಳ್ಳಿಯಾದರೆ ಶೇಕಡಾ 90ಕ್ಕೂ ಹೆಚ್ಚನ್ನು ಹಿಂದಿರುಗಿಸುತ್ತದೆ.

ಉಬ್ಬಿದ ನುಣ್ಣನೆಯ ಮೈ ಪೀನ ದರ್ಪಣವೇ ಸರಿ. ಅದರ ವಕ್ರತಾತ್ರಿಜ್ಯ 1 ಸೆಂಟಿಮೀಟರು ಎನ್ನೋಣ. ಸಂಗಮದೂರ ಅರ್ಧ ಸೆಂಟಿಮೀಟರಾಗುವುದು. 2 ಮೀಟರು ದೂರದಲ್ಲಿರುವ ದೀಪದ ಬಿಂಬವು ಸುಮಾರು 400 ಪಟ್ಟು ಕಿರಿದಾಗುತ್ತದೆ. 4 ಸೆಂಟಿಮೀಟರು ಎತ್ತರದ ಕುಡಿ 0.1 ಮಿಲಿಮೀಟರಿನ ಚುಕ್ಕೆಯಾಗಿ ಹೊಳೆಯುವುದು. ಕುಡಿ ಅಲುಗಿದರೆ ಚುಕ್ಕೆಯೂ ಅಲುಗುವುದು.

ಇನ್ನೊಂದು ಸಂಗತಿಯುಂಟು. ಪತನಕೋನವೂ ಪ್ರತಿಫಲನಕೋನವೂ ಸಮವಷ್ಟೆ. ಆದುದರಿಂದ ನಾವು ಮೂರ್ತಿಯ ಸುತ್ತ 20 ಡಿಗ್ರಿ ಸರಿದರೆ, ಹೊಳಪಿನ ಚುಕ್ಕೆಯು ಉಬ್ಬಿನ ಮೇಲೆ ನಮ್ಮ ಕಡೆಗೇ ಸುಮಾರು 10 ಡಿಗ್ರಿ ಸರಿಯುತ್ತದೆ. ಕುಂಚದಿಂದಿಟ್ಟ ಬಿಳಿಯ ಚುಕ್ಕೆ ಇದ್ದಲ್ಲಿಯೇ ಇರುವುದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕತ್ತಲೆಯ ಕೋಣೆಯಲ್ಲಿ ದೀಪ ಹಚ್ಚಿ, ಕಪ್ಪು ಗಾಜಿನ ಗೋಲಿಯೊಂದನ್ನೂ, ಬಿಳಿಯ ಚುಕ್ಕೆಯಿಟ್ಟ ಕಪ್ಪು ಕಾಗದವನ್ನೂ ಪಕ್ಕಪಕ್ಕದಲ್ಲಿರಿಸಿ, ಎಡದಿಂದ ಬಲಕ್ಕೆ ನಡೆದು ನೋಡಿರಿ.

ಹಾಗಾದರೆ ದೇವಿಯು ನೋಡಿದಳೆಂಬ ಭಾವ ಬರಿಯ ಭ್ರಮೆಯೆ? ಭೌತಶಾಸ್ತ್ರವು ಹೊಳಪಿನ ಕಾರಣವನ್ನಷ್ಟೇ ಹೇಳಬಲ್ಲುದು. ಭಕ್ತನ ಮನಸ್ಸನ್ನು ಅಳೆಯುವ ಸಾಧನ ಅದರಲ್ಲಿಲ್ಲ. ಸೂತ್ರಗಳನ್ನು ಕಲಿಯದ ಶಿಲ್ಪಿಯೂ ಅಕ್ಕಸಾಲಿಯೂ ಈ ನಿಯಮವನ್ನು ಕೈಯಿಂದ ಅರಿತಿದ್ದರು. ಮುಂದಿನ ಸಲ ಗುಡಿಗೆ ಹೋದಾಗ, ಕೈಮುಗಿದ ಬಳಿಕ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಆ ಚುಕ್ಕೆ ಎತ್ತ ಸರಿಯಿತೆಂದು ಗಮನಿಸಿರಿ.