ನಕ್ಷತ್ರಗಳ ಕಾಲ ಅಳೆಯುವ ಮಕ್ಕಳಿಗೆ ಕಿವಿಮಾತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಭೌತವಿಜ್ಞಾನ ಓದುತ್ತಿರುವ ಮಕ್ಕಳೇ, ಆಯಾಮ ವಿಶ್ಲೇಷಣೆಯನ್ನು ಪರೀಕ್ಷೆಗೆಂದು ಕಲಿತು ಮರೆತುಬಿಡಬೇಡಿ. ದೊಡ್ಡ ಸಮೀಕರಣ ಬಿಡಿಸುವ ಮೊದಲೇ ಉತ್ತರ ಎಲ್ಲಿರಬೇಕೆಂದು ಹೇಳುವ ವಿದ್ಯೆ ಅದು.

• ಎಷ್ಟಿದೆ, ಎಷ್ಟು ವೇಗದಲ್ಲಿ ಖರ್ಚಾಗುತ್ತಿದೆ ಎಂದು ಮೊದಲು ಕೇಳಿಕೊಳ್ಳಿ. ಸೂಳೆಕೆರೆಯ ನೀರನ್ನು ತೂಬಿನಲ್ಲಿ ದಿನಕ್ಕೆ ಹರಿಯುವ ನೀರಿನಿಂದ ಭಾಗಿಸಿದರೆ ಕೆರೆ ಎಷ್ಟು ದಿನ ಬಂದೀತೆಂದು ಗೊತ್ತಾಗುತ್ತದೆ. ಸೂರ್ಯನ ಆಯುಸ್ಸಿಗೂ ಹೀಗೇ ಹೊರಡಿ.

• ಏಕಮಾನಗಳನ್ನು ಪ್ರತಿ ಸಾಲಿನಲ್ಲೂ ಬರೆಯಿರಿ. ಗುರುತ್ವ ಸ್ಥಿರಾಂಕವನ್ನು ಸಾಂದ್ರತೆಯಿಂದ ಗುಣಿಸಿ: ಮೀಟರ್, ಕಿಲೋಗ್ರಾಂ ಹೊಡೆದುಹೋಗಿ ಸೆಕೆಂಡಷ್ಟೇ ಉಳಿಯುತ್ತದೆ. ವರ್ಗಮೂಲ ತೆಗೆದು ತಲೆಕೆಳಗು ಮಾಡಿ. ಸೂರ್ಯನ ಸಾಂದ್ರತೆ ಘನಮೀಟರಿಗೆ 1,400 ಕಿಲೋ. ಉತ್ತರ ಸುಮಾರು 55 ನಿಮಿಷ. ಒಳಗಿನ ಒತ್ತಡ ಇಲ್ಲದಿದ್ದರೆ ಸೂರ್ಯ ಕುಸಿಯಲು ಬೇಕಾದ ಕಾಲದ ಅಂದಾಜಿದು. ಪೂರ್ತಿ ಲೆಕ್ಕ ಮಾಡಿದರೆ ಅರ್ಧ ಗಂಟೆ.

• ಬಂದ ಕಾಲವನ್ನು ಗೊತ್ತಿರುವ ಇನ್ನೊಂದು ಕಾಲದ ಪಕ್ಕ ಇಡಿ. ಸೂರ್ಯ ಕುಗ್ಗುತ್ತಲೇ ಬೆಳಗುತ್ತಾನೆಂದು ಭೌತವಿಜ್ಞಾನಿ ಕೆಲ್ವಿನ್ ನಂಬಿದ್ದರು. ಗುರುತ್ವದ ಶಕ್ತಿಯನ್ನು ಸೆಕೆಂಡಿಗೆ ಸೂಸುವ ಶಕ್ತಿಯಿಂದ ಭಾಗಿಸಿದರೆ 3 ಕೋಟಿ ವರ್ಷ. ಭೂಮಿಯ ವಯಸ್ಸೇ 450 ಕೋಟಿ! ಭಾಗಾಕಾರ ಸರಿಯಾಗಿತ್ತು, ಉರುವಲು ಬೇರೆಯಿತ್ತು. ಸೂರ್ಯನ ತಿರುಳಿನ ಹೈಡ್ರೋಜನ್ ಬೆಸುಗೆಯ ಶಕ್ತಿಯನ್ನಷ್ಟೇ ಹಾಕಿ ನೋಡಿ, ಸುಮಾರು 1,000 ಕೋಟಿ ವರ್ಷ ಬರುತ್ತದೆ. ಹೊಂದದ ಉತ್ತರವನ್ನು ಅಳಿಸಬೇಡಿ, ಅದರ ಬೆನ್ನು ಹತ್ತಿ.

• ಆಯಾಮ ಕೊಡದ ಅಂಕಿಗೆ ದುಡಿಯಲೇಬೇಕು. ಕದಡಿದ ಕಪ್ಪುಕುಳಿ ಕಂಪಿಸಿ ಬೇಗನೆ ತಣಿಯುತ್ತದೆಂದು 1970ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ದ್ರವ್ಯರಾಶಿ, ಗುರುತ್ವ ಸ್ಥಿರಾಂಕ, ಬೆಳಕಿನ ವೇಗ ಸೇರಿ ಕಾಲವಾಗುವುದು ಒಂದೇ ರೀತಿಯಲ್ಲಿ. 62 ಸೂರ್ಯರಷ್ಟು ತೂಕಕ್ಕೆ ಅದು 0.3 ಮಿಲಿಸೆಕೆಂಡ್. 2015ರ ಸೆಪ್ಟೆಂಬರ್ 14ರಂದು ಲೈಗೋ ವೀಕ್ಷಣಾಲಯ ಹಿಡಿದ, ಅಷ್ಟೇ ತೂಕದ ಕಪ್ಪುಕುಳಿಯ ಗುರುತ್ವ ಅಲೆ ತಣಿದದ್ದು ಸುಮಾರು 4 ಮಿಲಿಸೆಕೆಂಡಿನಲ್ಲಿ. ನಡುವಿನ ಸುಮಾರು ಹದಿಮೂರು ಪಟ್ಟು ವಿಶ್ವೇಶ್ವರರಂಥವರ ಲೆಕ್ಕದಿಂದಷ್ಟೇ ಸಿಗುವಂಥದ್ದು.

• ವರ್ಷಕ್ಕೆ 3.15 ಕೋಟಿ ಸೆಕೆಂಡು ಎಂಬುದು ಬಾಯಿಪಾಠವಿರಲಿ. ಹತ್ತರ ಘಾತಗಳನ್ನು ಕೈಯಲ್ಲೇ ಕೂಡಿಸಿ ಕಳೆಯಿರಿ.

• ಚಳಿಗಾಲದಲ್ಲಿ ಜಗಳೂರಿನ ಬಯಲಿಗೆ ಹೋಗಿ ಕೆಂಪು ಆರ್ದ್ರಾ ನಕ್ಷತ್ರ ನೋಡಿ. ಅದರ ಹೊಳಪು ಸುಮಾರು 400 ದಿನಕ್ಕೊಮ್ಮೆ ಏರಿಳಿಯುತ್ತದೆ. ತೂಕ ಸೂರ್ಯನ 16 ಪಟ್ಟು, ತ್ರಿಜ್ಯ 750 ಪಟ್ಟು ಎಂದಿಟ್ಟುಕೊಂಡು ಸಾಂದ್ರತೆಯ ಲೆಕ್ಕ ನೀವೇ ಮಾಡಿ. ಇನ್ನೂರು ದಿನದ ಆಸುಪಾಸು ಬಂದರೆ ನಿಮ್ಮ ದಾರಿ ಸರಿಯಿದೆ; ಉಳಿದ ಎರಡು ಪಟ್ಟು ಆಯಾಮ ಕೊಡದ ಅಂಕಿ.