ಹಳೆ ಪ್ರೊಸೆಸರ್ ಕೈಕೊಟ್ಟಾಗ: ಪೀಸ್ ವಾಪಸ್ ಕೊಡುವ ಮುನ್ನ ಓದಿ

ಐದಾರು ವರ್ಷದ ಕಂಪ್ಯೂಟರ್ ನಿಧಾನವಾದಾಗ ಪೂರ್ತಿ ಹೊಸದನ್ನು ಕೊಳ್ಳಲಾಗದವರು ಪ್ರೊಸೆಸರ್ ಒಂದನ್ನೇ ಬದಲಿಸುತ್ತಾರೆ. ಬಿ450 ಬೋರ್ಡ್ ಇರುವವರು ಹಳೆಯ ರೈಜೆನ್ 5 2600 ತೆಗೆದು ಸೆಕೆಂಡ್ ಹ್ಯಾಂಡ್ 5600 ಹಾಕಿಕೊಳ್ಳುವುದು ಈಗ ಮಾಮೂಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ, ಆನ್‌ಲೈನ್ ಮಾರುಕಟ್ಟೆಯಲ್ಲಿ ಇಂಥ ಪ್ರೊಸೆಸರ್‌ಗಳಿಗೆ ಒಳ್ಳೆಯ ಗಿರಾಕಿ ಇದೆ. ತೊಂದರೆ ಶುರುವಾಗುವುದು ಮನೆಗೆ ತಂದು ಹಾಕಿದ ಮೇಲೆ. ಕಂಪ್ಯೂಟರ್ ಆನ್ ಆಗುತ್ತದೆ, ಒಂದೆರಡು ದಿನ ನಡೆಯುತ್ತದೆ, ಆಮೇಲೆ ಕೆಲಸದ ಮಧ್ಯೆ ನೀಲಿ ಪರದೆ ಬರುತ್ತದೆ ಅಥವಾ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಅಂಗಡಿಗೆ ಹೋದರೆ ‘ನಿಮ್ಮ ಬೋರ್ಡ್ ಪ್ರಾಬ್ಲಂ’ ಎಂಬ ಉತ್ತರ, ಜೊತೆಗೆ ‘ಹಳೇ ಮಾಲಿಗೆಲ್ಲಾ ಗ್ಯಾರಂಟಿ ಇಲ್ಲ’ ಎಂಬ ತೀರ್ಪು. ಬಹಳ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಸುಮ್ಮನಾಗದೆ ದೂರು ಕೊಟ್ಟವರಲ್ಲೂ ಸೋಲುವವರಿದ್ದಾರೆ. ಆದರೆ ಅವರು ಸೋಲುವುದು ಕಾನೂನು ಅವರ ಪರ ಇಲ್ಲದ್ದರಿಂದ ಅಲ್ಲ. ತಮ್ಮ ಕೈಯಲ್ಲಿದ್ದ ಸಾಕ್ಷ್ಯವನ್ನು ತಾವೇ ಅಳಿಸಿಹಾಕಿ, ಉಳಿದದ್ದನ್ನು ಅಂಗಡಿಯವನಿಗೆ ಒಪ್ಪಿಸಿ ಬಂದಿರುತ್ತಾರೆ. ಪ್ರೊಸೆಸರ್ ಪ್ರಕರಣದಲ್ಲಿ ದೋಷ ಹುಡುಕುವ ಕೆಲಸವೇ ಸಾಕ್ಷ್ಯ ಕೂಡಿಸುವ ಕೆಲಸ. ಅದನ್ನು ಯಾವ ಕ್ರಮದಲ್ಲಿ ಮಾಡಿದಿರಿ ಎನ್ನುವುದರ ಮೇಲೆ ಹಣ ವಾಪಸ್ ಬರುವುದು ನಿಂತಿದೆ.

ಮೊದಲು ‘ಹಳೇ ಮಾಲು’ ಎಂಬ ವಾದವನ್ನು ನೋಡೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊಸ ಸರಕು, ಹಳೆ ಸರಕು ಎಂದು ಗ್ರಾಹಕರನ್ನು ಎರಡು ಪಂಕ್ತಿಯಲ್ಲಿ ಕೂರಿಸಿಲ್ಲ. ಹಣ ಕೊಟ್ಟು ಸ್ವಂತ ಬಳಕೆಗೆ ಕೊಂಡವರು ಗ್ರಾಹಕರು, ಅಷ್ಟೆ. ದೋಷ ಎಂದರೇನು ಎಂಬುದಕ್ಕೂ ಕಾಯ್ದೆಯಲ್ಲಿ ಅಳತೆಗೋಲಿದೆ. ಕಾನೂನು ಅಥವಾ ಒಪ್ಪಂದದ ಪ್ರಕಾರ ಇರಬೇಕಾದ ಗುಣಮಟ್ಟ, ಇಲ್ಲವೇ ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಇಲ್ಲದಿದ್ದರೆ ಅದು ದೋಷ. ಹಾಗಾಗಿ ಹಳೆ ಪ್ರೊಸೆಸರ್ ಹೊಸದರಂತೆ ಇರಬೇಕು ಎಂದು ಯಾರೂ ಕೇಳುತ್ತಿಲ್ಲ; ‘ಟೆಸ್ಟ್ ಮಾಡಿದ್ದೇವೆ, ಪಕ್ಕಾ ವರ್ಕಿಂಗ್’ ಎಂದು ಮಾರಿದವನು ಹೇಳಿದಂತೆ ಇರಬೇಕು. ಆ ಮಾತು ವಾಟ್ಸಾಪ್‌ನಲ್ಲಿದ್ದರೆ ಅದನ್ನು ಜೋಪಾನ ಮಾಡಿ, ಬಾಯಿಮಾತಾಗಿದ್ದರೆ ಹಣ ಕೊಡುವ ಮುನ್ನವೇ ಮೆಸೇಜ್‌ನಲ್ಲಿ ಕೇಳಿ ಬರೆಸಿಕೊಳ್ಳಿ. ಅದೇ ಕಾಯ್ದೆಯ 2(47)ನೇ ಸೆಕ್ಷನ್ ಬಿಲ್ ಕೊಡದಿರುವುದನ್ನೂ, ಹಳೆಯ ಅಥವಾ ರೀಕಂಡೀಶನ್ ಮಾಡಿದ ಸರಕನ್ನು ಹೊಸದೆಂದು ಮಾರುವುದನ್ನೂ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಮರಳಿಸಲು ಒಪ್ಪದಿರುವುದೂ ಇದೇ ಪಟ್ಟಿಯಲ್ಲಿದೆ. ‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಯವರ ಹೊಣೆ ತಪ್ಪುವುದಿಲ್ಲ. ಆದರೆ ಬಿಲ್ಲಿನ ಮೇಲೆ ‘7 ದಿನ ಟೆಸ್ಟಿಂಗ್ ವಾರಂಟಿ’ ಎಂದಿದ್ದರೆ ಆ ಏಳು ದಿನವನ್ನು ಗಂಭೀರವಾಗಿ ತೆಗೆದುಕೊಳ್ಳಿ. ತಂದ ದಿನವೇ ಹಾಕಿ ಪರೀಕ್ಷಿಸಿ. ಮುಂದಿನ ಭಾನುವಾರ ನೋಡೋಣ ಎಂದರೆ ವಾರ ಮುಗಿದಿರುತ್ತದೆ.

ಈ ರಕ್ಷಣೆ ಎಲ್ಲರಿಗೂ ಇಲ್ಲ. ಮಾರಿದವನು ವ್ಯಾಪಾರಿಯಲ್ಲ, ತನ್ನ ಸ್ವಂತ ಕಂಪ್ಯೂಟರಿನ ಪ್ರೊಸೆಸರನ್ನು ಜಾಹೀರಾತು ಹಾಕಿ ಮಾರಿದ ಯಾರೋ ಒಬ್ಬ ವ್ಯಕ್ತಿ ಎಂದಾದರೆ ಗ್ರಾಹಕ ಆಯೋಗದ ದಾರಿ ಕಷ್ಟ. 2020ರ ಇ-ಕಾಮರ್ಸ್ ನಿಯಮಗಳೂ ನಿಯಮಿತವಾಗಿ ವ್ಯಾಪಾರ ಮಾಡದ, ವೈಯಕ್ತಿಕವಾಗಿ ಮಾರುವ ವ್ಯಕ್ತಿಯನ್ನು ಹೊರಗಿಟ್ಟಿವೆ. ಅಂಥವರ ಮೇಲೆ 1872ರ ಕರಾರು ಕಾಯ್ದೆಯಡಿ ಸುಳ್ಳು ಹೇಳಿ ಮಾರಿದರೆಂದು ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ಎಂಟು ಸಾವಿರ ರೂಪಾಯಿಯ ಪ್ರೊಸೆಸರ್‌ಗಾಗಿ ಆ ದಾರಿ ಹಿಡಿಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಅಪರಿಚಿತ ವ್ಯಕ್ತಿಯಿಂದ ಕೊಳ್ಳುವುದಾದರೆ ಅವರ ಕಂಪ್ಯೂಟರಿನಲ್ಲೇ ಅರ್ಧ ಗಂಟೆ ಓಡಿಸಿ ನೋಡಿ ಕೊಳ್ಳುವುದೊಂದೇ ನಿಜವಾದ ರಕ್ಷಣೆ. ವ್ಯಾಪಾರಕ್ಕೆ ಬಳಸಲು ಕೊಂಡವರಿಗೂ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಹೊಟ್ಟೆಪಾಡಿಗಾಗಿ ತಾನೇ ದುಡಿಯುವ ಡಿಟಿಪಿಯವರು, ವಿಡಿಯೋ ಎಡಿಟ್ ಮಾಡುವವರು ಗ್ರಾಹಕರೇ. ದೂರಿನಲ್ಲಿ ಆ ಮಾತನ್ನು ಸ್ಪಷ್ಟವಾಗಿ ಬರೆಯಬೇಕು. ಇನ್ನು ‘ಟೆಸ್ಟ್ ಮಾಡಿಲ್ಲ, ಇದ್ದಂಗೆ ತಗೊಳ್ಳಿ’ ಎಂದು ಬರೆದುಕೊಟ್ಟೇ ಅಗ್ಗಕ್ಕೆ ಮಾರಿದವರನ್ನು ಆಮೇಲೆ ದೂರುವುದು ನ್ಯಾಯವೂ ಅಲ್ಲ.

‘ನಿಮ್ಮ ಬೋರ್ಡ್ ಪ್ರಾಬ್ಲಂ’ ಎಂಬ ವಾದವನ್ನು ಹಾಗೆ ತಳ್ಳಿಹಾಕುವಂತಿಲ್ಲ, ಯಾಕೆಂದರೆ ಎಷ್ಟೋ ಸಲ ಅದು ನಿಜ. ಬಿ450 ಬೋರ್ಡಿಗೆ ರೈಜೆನ್ 5000 ಸರಣಿ ಹಾಕಬೇಕಾದರೆ ಬಯಾಸ್ ಅಪ್‌ಡೇಟ್ ಆಗಿರಲೇಬೇಕು. ಹಳೆಯ ಪ್ರೊಸೆಸರ್‌ಗೆಂದು ಮಾಡಿಟ್ಟ ಓವರ್‌ಕ್ಲಾಕ್, ವೋಲ್ಟೇಜ್ ಸೆಟ್ಟಿಂಗ್ ಹಾಗೇ ಉಳಿದಿದ್ದರೂ ತೊಂದರೆ ಬರುತ್ತದೆ. ಆದ್ದರಿಂದ ಬಯಾಸ್ ಅಪ್‌ಡೇಟ್ ಮಾಡಿ, ಎಲ್ಲವನ್ನೂ ಡಿಫಾಲ್ಟ್‌ಗೆ ತಂದು, ರ‍್ಯಾಮ್‌ನ ಎಕ್ಸ್‌ಎಂಪಿ ಆಫ್ ಮಾಡಿ, ಮೆಮ್‌ಟೆಸ್ಟ್86 ಓಡಿಸಿ ರ‍್ಯಾಮ್ ಸರಿಯಿದೆಯೇ ನೋಡಿ. ಪ್ರತಿ ಹಂತದಲ್ಲೂ ಪರದೆಯ ಫೋಟೋ ಇರಲಿ. ಆಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್ ನೋಡಿ. ಅಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಸಿಕ್ಕೇ ಸಿಗುತ್ತದೆ. ಅದು ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಅದೊಂದನ್ನೇ ಹಿಡಿದು ಬಂದರೆ ಎದುರಾಳಿ ಅದು ನಿಮ್ಮ ಮನೆಯ ಕರೆಂಟಿನ ತೊಂದರೆ ಎನ್ನುತ್ತಾನೆ. ಹುಡುಕಬೇಕಾದದ್ದು ಡಬ್ಲ್ಯೂಎಚ್‌ಇಎ-ಲಾಗರ್ ಹೆಸರಿನ 18ನೇ ಸಂಖ್ಯೆಯ ನಮೂದು. ಅದನ್ನು ತೆರೆದರೆ ದೋಷ ವರದಿ ಮಾಡಿದ ಭಾಗ ಪ್ರೊಸೆಸರ್ ಕೋರ್ ಎಂದೂ, ಕೆಳಗೆ ಪ್ರೊಸೆಸರ್ ಎಪಿಕ್ ಐಡಿ ಎಂದು ಒಂದು ಸಂಖ್ಯೆಯೂ ಇರುತ್ತದೆ. ಬಯಾಸ್ ಡಿಫಾಲ್ಟ್‌ನಲ್ಲಿದ್ದೂ, ಪ್ರತಿ ಸಲ ಬಿದ್ದಾಗಲೂ ಅದೇ ಸಂಖ್ಯೆ ಮತ್ತೆ ಮತ್ತೆ ಬರುತ್ತಿದ್ದರೆ ಒಂದು ನಿರ್ದಿಷ್ಟ ಕೋರ್ ಮೇಲೆ ಬಲವಾದ ಗುಮಾನಿ ಏಳುತ್ತದೆ. ಕೊನೆಯ ಪರೀಕ್ಷೆ, ನಿಮ್ಮ ಹಳೆಯ ಪ್ರೊಸೆಸರನ್ನೇ ಮತ್ತೆ ಹಾಕಿ ಅದೇ ಕೆಲಸವನ್ನು ಅಷ್ಟೇ ಹೊತ್ತು ಓಡಿಸುವುದು. ಆಗ ಒಂದೂ ನಮೂದು ಬರದಿದ್ದರೆ ಬೋರ್ಡು, ರ‍್ಯಾಮು, ಎಸ್‌ಎಂಪಿಎಸ್ ಮೂರರ ಮೇಲಿನ ಆರೋಪವೂ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಪೂರ್ತಿ ಅಲ್ಲ. 65 ವ್ಯಾಟ್ ಪ್ರೊಸೆಸರ್ ಜಾಗಕ್ಕೆ 105 ವ್ಯಾಟ್‌ನದು ತಂದಿದ್ದರೆ ಹಳೆಯ ಕೂಲರ್, ಹಳೆಯ ಎಸ್‌ಎಂಪಿಎಸ್ ಅದನ್ನು ತಡೆಯದೇ ಹೋಗಿರಬಹುದು. ಅಂಥಲ್ಲಿ ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡುವುದು ಅನಿವಾರ್ಯ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಕೊಂಡವರಿಗೆ ಬೇರೆಯೇ ಮಾತು ಹೇಳಬೇಕು. ಇವುಗಳಲ್ಲಿ ಹಲವು ಮಾದರಿಗಳು ಅತಿ ವೋಲ್ಟೇಜ್‌ನಿಂದ ಒಳಗೊಳಗೇ ಸವೆಯುತ್ತವೆ ಎಂಬುದನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಬಯಾಸ್ ಅಪ್‌ಡೇಟ್ ಮೂಲಕ ಬರುವ ಮೈಕ್ರೋಕೋಡ್ ಬಿಡುಗಡೆ ಮಾಡಿತು, ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಮೈಕ್ರೋಕೋಡ್ ಮುಂದಿನ ಹಾನಿ ತಡೆಯಲು ಇರುವುದು. ಆಗಿಹೋದ ಹಾನಿಯನ್ನು ಅದು ಸರಿಮಾಡುವುದಿಲ್ಲ. ಹಾಗಾಗಿ ‘ಬಯಾಸ್ ಅಪ್‌ಡೇಟ್ ಮಾಡಿ, ಸರಿಹೋಗುತ್ತೆ’ ಎಂದು ಮಾರಾಟಗಾರ ವಾರಗಟ್ಟಲೆ ಓಡಾಡಿಸಿದರೆ ಒಪ್ಪಬೇಡಿ. ಆದರೆ ಆ ವಾರಂಟಿ ನಿಮಗೂ ಸಿಗುತ್ತದೆ ಎಂದು ಭಾವಿಸಬೇಡಿ. ಬಾಕ್ಸ್ ಇಲ್ಲದೆ ಬರುವ ಟ್ರೇ ಪ್ರೊಸೆಸರ್‌ಗಳ ಹೊಣೆ ಅವನ್ನು ಕೂರಿಸಿ ಮಾರಿದವರದ್ದು, ಬಾಕ್ಸ್‌ನದಾದರೂ ಮೊದಲ ಖರೀದಿಯ ಬಿಲ್ ಕೇಳುತ್ತಾರೆ. ‘ಕಂಪನಿ ವಾರಂಟಿ ಇದೆ’ ಎನ್ನುವ ಮಾರಾಟಗಾರನಿಂದ ಆ ಮೂಲ ಬಿಲ್ಲನ್ನೂ ಪಡೆಯಿರಿ. ಕೊಡದಿದ್ದರೆ ಆ ವಾರಂಟಿಗೆ ಬೆಲೆ ಕಟ್ಟಬೇಡಿ.

ಈಗ ಜನರ ಹಣ ಹೆಚ್ಚು ಮುಳುಗುವ ಜಾಗಕ್ಕೆ ಬರೋಣ. ‘ಪೀಸ್ ಬಿಟ್ಟು ಹೋಗಿ, ಚೆಕ್ ಮಾಡಿ ಹೇಳ್ತೀವಿ.’ ಈ ಮಾತು ಕೇಳಿ ಪ್ರೊಸೆಸರನ್ನು ಕೌಂಟರ್ ಮೇಲಿಟ್ಟು ಬರಿಗೈಯಲ್ಲಿ ಬಂದರೆ ಪ್ರಕರಣ ಬಹುಪಾಲು ಅಲ್ಲಿಗೇ ಮುಗಿಯಿತು. ನಾಲ್ಕು ದಿನದ ಮೇಲೆ ‘ಇದು ನಮ್ಮ ಪೀಸೇ ಅಲ್ಲ’ ಎನ್ನಬಹುದು, ‘ಪಿನ್ ಬಗ್ಗಿದೆ, ಫಿಸಿಕಲ್ ಡ್ಯಾಮೇಜ್’ ಎನ್ನಬಹುದು, ಬೇರೆ ಕೆಟ್ಟ ಪೀಸನ್ನೇ ಕೈಗಿಡಬಹುದು, ಇಲ್ಲವೇ ‘ಚೆಕ್ ಮಾಡಿದ್ವಿ, ಚೆನ್ನಾಗೇ ಇದೆ’ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಯಾವುದಕ್ಕೂ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಎಲ್ಲ ವ್ಯಾಪಾರಿಗಳೂ ಹೀಗೆ ಮಾಡುತ್ತಾರೆಂದಲ್ಲ. ಮಾಡುವವರು ಚೀಟಿ ಕೇಳಲು ಗಿರಾಕಿಗಿರುವ ಸಂಕೋಚವನ್ನೇ ನಂಬಿಕೊಂಡಿದ್ದಾರೆ ಎಂಬುದು ಮಾತ್ರ ಸತ್ಯ. ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲೆ ಅದನ್ನು ಗುರುತಿಸುವ ಸಂಖ್ಯೆಗಳಿರುತ್ತವೆ. ರೈಜೆನ್‌ನಲ್ಲಿ ಸೀರಿಯಲ್ ಸಂಖ್ಯೆ ಅಲ್ಲೇ ಅಚ್ಚಾಗಿರುತ್ತದೆ. ಥರ್ಮಲ್ ಪೇಸ್ಟ್ ಬಿದ್ದರೆ ಅದು ಮುಚ್ಚಿಹೋಗುತ್ತದೆ. ಆದ್ದರಿಂದ ಕೊಳ್ಳುವಾಗಲೇ, ಅಂಗಡಿಯಲ್ಲೇ, ಮೇಲ್ಭಾಗ ಮತ್ತು ಪಿನ್‌ಗಳ ಫೋಟೋ ತೆಗೆದು ಅದೇ ಕ್ಷಣ ಮಾರಾಟಗಾರನ ವಾಟ್ಸಾಪ್‌ಗೆ ಕಳಿಸಿ, ಆ ಸಂಖ್ಯೆಯನ್ನು ಬಿಲ್ ಮೇಲೆ ಬರೆಸಿ. ಬರೆಯಲು ಹಿಂದೇಟು ಹಾಕುವವನ ಬಳಿ ಕೊಳ್ಳಬೇಡಿ. ವಾಪಸ್ ಕೊಡುವಾಗ ಮತ್ತೆ ಫೋಟೋ, ಜೊತೆಗೆ ‘ಈ ಸಂಖ್ಯೆಯ ಪ್ರೊಸೆಸರನ್ನು ಪರೀಕ್ಷೆಗಾಗಿ ಇಂಥ ದಿನ ಪಡೆದಿದ್ದೇವೆ, ಪಿನ್ ಸರಿಯಿದೆ’ ಎಂದು ಸಹಿ, ಸೀಲು ಇರುವ ಚೀಟಿ. ಚೀಟಿ ಕೊಡಲ್ಲ ಎಂದರೆ ಪೀಸ್ ಕೊಡಬೇಡಿ. ಬಿ450ಯಂಥ ಎಎಂ4 ಬೋರ್ಡ್‌ನವರಿಗೆ ಇನ್ನೊಂದು ಎಚ್ಚರಿಕೆ. ಇವುಗಳಲ್ಲಿ ಪಿನ್ ಇರುವುದು ಪ್ರೊಸೆಸರ್ ಮೇಲೆಯೇ. ಪೇಸ್ಟ್ ಗಟ್ಟಿಯಾಗಿದ್ದಾಗ ಕೂಲರ್ ಎಳೆದರೆ ಪ್ರೊಸೆಸರ್ ಅದಕ್ಕಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ. ಸ್ವಲ್ಪ ಹೊತ್ತು ಓಡಿಸಿ ಬಿಸಿಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ತೆಗೆಯಿರಿ. ಒಂದು ಪಿನ್ ಬಗ್ಗಿದರೂ ನಿಮ್ಮ ಉಳಿದ ಸಾಕ್ಷ್ಯಕ್ಕೆಲ್ಲಾ ಬೆಲೆ ಕಡಿಮೆ. ಇದೇ ಜಾತಿಯ ಇನ್ನೊಂದು ಸಲಹೆ ‘ವಿಂಡೋಸ್ ಫಾರ್ಮ್ಯಾಟ್ ಮಾಡಿ ನೋಡಿ’ ಎಂಬುದು. ಸಾಫ್ಟ್‌ವೇರ್ ದೋಷ ಅಲ್ಲವೆಂದು ತೋರಿಸಲು ಅದು ಬೇಕಾಗಬಹುದು. ಆದರೆ ಮೊದಲು ಸಿಸ್ಟಂ ಲಾಗ್ ಪೂರ್ತಿ ಸೇವ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಫಾರ್ಮ್ಯಾಟ್‌ನೊಂದಿಗೆ ಆ 18ರ ನಮೂದುಗಳೂ ಅಳಿಸಿಹೋಗುತ್ತವೆ.

ಇಷ್ಟಾದ ಮೇಲೆ ಕಚೇರಿಯ ಕೆಲಸ ಅಂದುಕೊಂಡಷ್ಟು ಭಯದ್ದಲ್ಲ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಅಲ್ಲಿ ಸಿಕ್ಕ ದೂರು ಸಂಖ್ಯೆ ನ್ಯಾಯಾಲಯದ ಕೇಸ್ ನಂಬರ್ ಅಲ್ಲ ಎಂಬುದು ನೆನಪಿರಲಿ. ಅದರ ಜೊತೆಗೆ ಅಂಗಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ, 15 ದಿನ ಸಮಯ ಕೊಡಿ. ಅಂಗಡಿಯ ಬೋರ್ಡಿನ ಹೆಸರೇ ಬೇರೆ, ಮಾಲೀಕರ ಹೆಸರೇ ಬೇರೆ ಇರುತ್ತದೆ. ಬಿಲ್ಲಿನ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನಿಜವಾದ ಹೆಸರು ಸಿಗುತ್ತದೆ. ಬಿಲ್ಲೇ ಇಲ್ಲದವರು ಯುಪಿಐ ಪಾವತಿಯ ವಿವರ, ವಾಟ್ಸಾಪ್ ಮಾತುಕತೆ ಹಾಜರುಪಡಿಸಬಹುದು. ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಸನದವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ. ಹಾಗಿದ್ದೂ ಕಚೇರಿಯ ಹೊರಗೆ ‘ಫೈಲಿಂಗ್ ಚಾರ್ಜ್’ ಎಂದು ಕೈಚಾಚುವ ಮಧ್ಯವರ್ತಿಗಳಿದ್ದಾರೆ. ಟೈಪ್ ಮಾಡಿದ್ದಕ್ಕೆ ಕೂಲಿ ಕೊಡಿ, ಇಲ್ಲದ ಶುಲ್ಕಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಡತದಲ್ಲಿ ಕೊರತೆ ಇದೆ ಎಂದು ಸಿಬ್ಬಂದಿ ವಾಪಸ್ ಕಳಿಸಿದರೆ ಆ ಕೊರತೆ ಏನೆಂದು ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಹೇಳಿ ಮೂರು ಸಲ ತಿರುಗಿಸುವ ಚಾಳಿಗೆ ಬಡವರ ದಿನಗೂಲಿಯೇ ದಂಡವಾಗುತ್ತಿದೆ, ಇದನ್ನು ಸಹಿಸಬೇಕಾದ ಯಾವ ಕಾರಣವೂ ಇಲ್ಲ.

38ನೇ ಸೆಕ್ಷನ್ ಪ್ರಕಾರ, ಪರೀಕ್ಷೆ ಇಲ್ಲದೆ ದೋಷ ತಿಳಿಯದು ಎಂದಾದರೆ ಆಯೋಗ ವಸ್ತುವನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಅದರ ಶುಲ್ಕವನ್ನು ದೂರುದಾರರು ಕಟ್ಟಬೇಕು. ಎಂಟು ಸಾವಿರದ ಪ್ರೊಸೆಸರ್‌ಗೆ ಈ ಹಾದಿ ದುಬಾರಿಯಾಗಬಹುದು. ಆದ್ದರಿಂದಲೇ ಲಾಗ್, ಫೋಟೋ, ಹಳೆ ಪ್ರೊಸೆಸರ್ ಹಾಕಿ ನೋಡಿದ ದಾಖಲೆ, ಸಾಧ್ಯವಾದರೆ ಆ ಅಂಗಡಿಗೆ ಸಂಬಂಧವಿಲ್ಲದ ತಂತ್ರಜ್ಞರೊಬ್ಬರ ಸಹಿ ಮಾಡಿದ ವರದಿ ಇವೆಲ್ಲ ಮೊದಲೇ ಸಿದ್ಧವಿರಬೇಕೆಂದು ಇಷ್ಟು ಒತ್ತಿ ಹೇಳುತ್ತಿರುವುದು. ಆಯೋಗ ಸಾಮಾನ್ಯವಾಗಿ ಅಫಿಡವಿಟ್ ಮತ್ತು ದಾಖಲೆ ನೋಡಿಯೇ ತೀರ್ಮಾನಿಸುತ್ತದೆ. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ಮುಂದೂಡಿಕೆಗಳಿಂದ ಅದು ಮೀರುವುದುಂಟು, ಆ ಮಾತು ಮುಚ್ಚಿಡುವುದು ಸರಿಯಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೆಲ್ಲ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಸೀರಿಯಲ್ ಸಂಖ್ಯೆ, ಲಾಗ್, ಸಹಿ ಮಾಡಿದ ಚೀಟಿ ಮೂರೂ ಲಗತ್ತಿಸಿದ ನೋಟಿಸನ್ನು ಓದಿದ ವ್ಯಾಪಾರಿಗೆ ಆಯೋಗದ ತನಕ ಹೋಗುವುದು ನಿಮಗಿಂತ ಹೆಚ್ಚು ನಷ್ಟದ ಬಾಬತ್ತು. ದೂರು ಸಲ್ಲಿಸಲು ಇರುವ ಅವಧಿ 2 ವರ್ಷ. ‘ಮುಂದಿನ ಸ್ಟಾಕ್ ಬರಲಿ, ಬದಲಿಸಿ ಕೊಡೋಣ’ ಎಂಬ ಅಂಗಡಿಯವರ ಮಾತಿನಿಂದ ಆ ಲೆಕ್ಕ ನಿಲ್ಲುತ್ತದೆ ಎಂದುಕೊಳ್ಳಬೇಡಿ.